ಬೆಕ್ಕಿನ ಚಿಗಟಕ್ಕೆ ಫ್ರಂಟ್‌ಲೈನ್ ಪ್ಲಸ್: ಔಷಧಿ ಒಳ್ಳೇದೇ, ಕೌದಿನೂ ಒಗೀರಿ

ಬೆಕ್ಕಿಗೆ ಚಿಗಟ ಆಗಿದ್ದರೆ ಈ ಔಷಧಿ ಧೈರ್ಯವಾಗಿ ತನ್ನಿ, ಕೆಲಸ ಮಾಡುತ್ತದೆ. ಆದರೆ ಇದೊಂದನ್ನೇ ನಂಬಿ ಕೂರಬೇಡಿ.

ನಮ್ಮದು ವಿಜಯಪುರದ ಹಳೇ ಮನೆ. ನೆಲಕ್ಕೆ ಶಹಾಬಾದ್ ಕಲ್ಲು, ಎಷ್ಟು ಗುಡಿಸಿದರೂ ಸಂದಿಯಲ್ಲಿ ಧೂಳು ಉಳಿದೇ ಉಳಿಯುತ್ತದೆ. ಮಳೆ ಹಿಡಿದ ಮೇಲೆ ಬೆಕ್ಕು ರಾತ್ರಿಯೆಲ್ಲಾ ಕೆರೆದುಕೊಳ್ಳತೊಡಗಿತು. ಹೇನಿನ ಹಣಿಗೆಯಿಂದ ಬಾಚಿದರೆ ಕರಿ ಪುಡಿ ಉದುರಿತು. ಅದನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಉಜ್ಜಿ ನೋಡಿ, ಎರೆಮಣ್ಣಾದರೆ ಕಪ್ಪಾಗೇ ಇರುತ್ತದೆ, ಚಿಗಟದ ಹಿಕ್ಕೆಯಾದರೆ ಕೆಂಪಗಾಗುತ್ತದೆ, ಯಾಕಂದ್ರೆ ಅದರಲ್ಲಿರೋದು ಬೆಕ್ಕಿನ ರಕ್ತವೇ.

ಮೊದಲು ಹೋದ ಅಂಗಡಿಯಲ್ಲಿ ನಾಯಿಯ ಔಷಧಿ ಮುಂದಿಟ್ಟು "ನಾಯಿಗೂ ಇದೇ, ಬೆಕ್ಕಿಗೂ ಇದೇ ರೀ, ಸ್ವಲ್ಪ ಕಡಿಮಿ ಹಾಕ್ರಿ" ಅಂದರು. ಡಬ್ಬಿ ಮೇಲೆ ಪರ್ಮೆಥ್ರಿನ್ ಅನ್ನೋ ಕೀಟನಾಶಕದ ಹೆಸರಿತ್ತು, ವಾಪಸ್ ಕೊಟ್ಟು ಬಂದೆ. ಇದನ್ನು ಮಾತ್ರ ದಯವಿಟ್ಟು ನೆನಪಿಡಿ. ನಾಯಿ ತಡೆದುಕೊಳ್ಳುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಅದರ ಲಿವರ್‌ಗೆ ಅದನ್ನು ಸರಿಯಾಗಿ ಕರಗಿಸಿ ಹೊರಹಾಕಲು ಆಗಲ್ಲ, ಮೈ ನಡುಗಿ ಫಿಟ್ಸ್ ಬಂದು ಸತ್ತೇ ಹೋಗಬಹುದು. ನುಸಿಗುಳಿಗೆ, ಕರ್ಪೂರ ಕೂಡ ಬೇಡ, ಬೆಕ್ಕು ಮೈ ನೆಕ್ಕುವ ಪ್ರಾಣಿ ಅಲ್ವಾ, ಹಚ್ಚಿದ್ದೆಲ್ಲಾ ಹೊಟ್ಟೆಗೆ ಹೋಗುತ್ತದೆ.

ಆಮೇಲೆ ಪಶು ಆಸ್ಪತ್ರೆಯ ಡಾಕ್ಟರ್ ತೂಕ ನೋಡಿ ಫ್ರಂಟ್‌ಲೈನ್ ಪ್ಲಸ್ ಬರೆದುಕೊಟ್ಟರು, ಬೆಕ್ಕಿಗಂತಲೇ ಇರುವುದು. ಅರ್ಧ ಎಂಎಲ್‌ನ ಸಣ್ಣ ಟ್ಯೂಬ್. ಅದರಲ್ಲಿರುವ ಫಿಪ್ರೊನಿಲ್ ದೊಡ್ಡ ಚಿಗಟಗಳನ್ನು ಕೊಲ್ಲುತ್ತದೆ, ಎಸ್-ಮೆಥೊಪ್ರೀನ್ ಮೊಟ್ಟೆ, ಮರಿ ಬೆಳೆಯದಂತೆ ತಡೆಯುತ್ತದೆ. ಕುತ್ತಿಗೆಯ ಹಿಂದೆ ನಾಲಿಗೆ ಮುಟ್ಟದ ಕಡೆ ಕೂದಲು ಬಿಡಿಸಿ ಚರ್ಮದ ಮೇಲೇ ಹಿಂಡಬೇಕು. ಹಿಂದೆ ಮುಂದೆ ಎರಡು ದಿನ ಸ್ನಾನ ಮಾಡಿಸಬಾರದು. 8 ವಾರ ತುಂಬದ ಅಥವಾ 1 ಕೆಜಿಗಿಂತ ಕಡಿಮೆ ಇರುವ ಮರಿಗೆ ಇದು ಬೇಡ. ಮಾರನೇ ದಿನ ಹಣಿಗೆಯಲ್ಲಿ ಸತ್ತ ಚಿಗಟಗಳೇ ಸಿಕ್ಕವು, ಬೆಕ್ಕು ಆರಾಮಾಗಿ ಮಲಗಿತ್ತು.

ಆದರೂ ಕೆಲವು ದಿನ ಹೊಸ ಚಿಗಟ ಕಾಣುತ್ತಲೇ ಇದ್ದವು. ಅದು ಔಷಧಿಯ ತಪ್ಪಲ್ಲ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡುತ್ತದೆ, ಅವು ಬೆಕ್ಕಿನ ಮೈಯಿಂದ ಜಾರಿ ಅದು ಮಲಗಿದ ಜಾಗದಲ್ಲೇ ಬೀಳುತ್ತವೆ. ನಮ್ಮ ಕಡೆ ಅಂದರೆ ಕೌದಿ! ಪದರ ಪದರ ಹಳೇ ಸೀರೆ, ಹೊಲಿಗೆಯ ನಡುವೆ ಕತ್ತಲೆ, ಮಳೆಗಾಲದ ತೇವ ಬೇರೆ, ಮರಿಗಳಿಗೆ ಇನ್ನೇನು ಬೇಕು. ಗೂಡು ಕಟ್ಟಿಕೊಂಡವಂತೂ ತಿಂಗಳುಗಟ್ಟಲೆ ಸುಮ್ನೆ ಒಳಗಿದ್ದು, ಯಾರಾದರೂ ಓಡಾಡಿದ ಕಂಪನಕ್ಕೆ, ಮೈ ಬಿಸಿಗೆ ಹೊರಬರುತ್ತವೆ. ಅವ್ವ ಕೌದಿಗಳನ್ನು ಕುದಿನೀರಲ್ಲಿ ನೆನೆಸಿ ಒಗೆದು, ಬಿಸಿಲು ಬಿದ್ದ ದಿನ ಮಾಳಿಗೆ ಮೇಲೆ ಹರವಿದರು. ನಾನು ಕಲ್ಲಿನ ಸಂದಿಗಳಿಗೆ ವ್ಯಾಕ್ಯೂಮ್ ಹಿಡಿದು, ಚೀಲವನ್ನು ಕಟ್ಟಿ ಆಗಲೇ ಹೊರಗೆ ಎಸೆದೆ. ಹೀಗೆ ವಾರವಾರ ಮಾಡಿದ ಮೇಲೇ ನಿಂತಿದ್ದು.

ಚಿಗಟದ ಪುಡಿಗಳಿಗಿಂತ ಈ ಔಷಧಿ ದುಬಾರಿ, ನಿಜ. ತಿಂಗಳಿಗೊಮ್ಮೆ ಹಾಕಬೇಕು, ಮನೆಯಲ್ಲಿ ಎಷ್ಟು ಬೆಕ್ಕಿವೆಯೋ ಅಷ್ಟಕ್ಕೂ ಹಾಕಬೇಕು. ನಾನಂತೂ ಮತ್ತೆ ಇದನ್ನೇ ತರುತ್ತೇನೆ. ಡಾಕ್ಟರ್ ಹತ್ತಿರ ಹೋದಾಗ ಜಂತುಹುಳದ ಮಾತ್ರೆನೂ ಕೇಳಿ, ಮೈ ನೆಕ್ಕುವಾಗ ಚಿಗಟ ನುಂಗಿದರೆ ಲಾಡಿಹುಳ ಬರುತ್ತದೆ.