ಕೈಯಲ್ಲಿ ತಿರುಗಿಸುವ ಡ್ರೈನ್ ಆಗರ್: ಪ್ಲಂಬರ್ ಖರ್ಚು ಎಲ್ಲಿವರೆಗೆ ಉಳಿಯುತ್ತೆ?

ಸಿಂಕ್ ಕಟ್ಟಿಕೊಂಡಾಗ ಪ್ಲಂಬರ್‌ಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಕಸ ತೆಗೆಯುವುದಕ್ಕಲ್ಲ, ಅವರು ಬಾಗಿಲಿಗೆ ಬರುವುದಕ್ಕೆ. ಭೇಟಿ ಶುಲ್ಕ, ಕನಿಷ್ಠ ಒಂದು ಗಂಟೆಯ ಕೂಲಿ, ರಾತ್ರಿಯೋ ರಜೆಯೋ ಆದರೆ ಮೇಲಷ್ಟು. ಸಿಂಕ್ ಅಡಿಯ ಬಾಗು ಪೈಪಿನಲ್ಲಿ, ಅಂದರೆ ಟ್ರ್ಯಾಪ್‌ನಲ್ಲಿ, ಕೂತ ಕೂದಲುಂಡೆಗೂ ಅದೇ ಲೆಕ್ಕ. ಹಾಗಾಗಿ 6 ಮಿ.ಮೀ. ಕೇಬಲ್ಲಿನ, 7.5 ಮೀಟರ್ ಉದ್ದದ ಡ್ರಮ್ ಆಗರ್ (ಡ್ರಮ್ಮಿನಲ್ಲಿ ಸುತ್ತಿಟ್ಟ ಸುರುಳಿ ಕೇಬಲ್ಲನ್ನು ಪೈಪಿಗಿಳಿಸಿ, ತಿರುಗಿಸಿ ಕಸ ತೆಗೆಯುವ ಸಾಧನ) ಮನೆಯಲ್ಲಿರಲಿ ಅನ್ನುತ್ತೇನೆ. ಸಿಂಕ್, ವಾಶ್‌ಬೇಸಿನ್ ಪೈಪುಗಳಿಗೆ ಇಷ್ಟು ಸಾಕು.

ಮೊದಲು ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚಿ. ಎಷ್ಟೋ ಸಲ ಕಸ ಅಲ್ಲೇ ಇರುತ್ತೆ, ಆಗರ್ ಮುಟ್ಟುವ ಕೆಲಸವೇ ಬೀಳದು. ವಾಶರ್‌ನ ಇಳಿಜಾರು ಮುಖ ಯಾವ ಕಡೆಗಿತ್ತು ಅಂತ ನೋಡಿಟ್ಟುಕೊಳ್ಳಿ. ಉಲ್ಟಾ ಕೂರಿಸಿದರೆ ನಟ್ ಎಷ್ಟು ಬಿಗಿದರೂ ತೊಟ್ಟಿಕ್ಕುತ್ತೆ. ಆಮೇಲೆ ಗೋಡೆಯೊಳಗಿನ ಪೈಪಿಗೆ ಕೇಬಲ್ ತಳ್ಳಿ. ಮೊದಲು ಎಡವುವುದು ಸಾಮಾನ್ಯವಾಗಿ ಪೈಪಿನ ಬಾಗು: ಮೆಲ್ಲಗೆ ತಿರುಗಿಸಿದರೆ ತುದಿ ಟಕ್ಕನೆ ದಾಟುತ್ತೆ. ನಿಜವಾದ ಕಸ ಮೆತ್ತಗೆ ಎದುರು ಕೊಡುತ್ತೆ. ಈ ವ್ಯತ್ಯಾಸ ಬೆರಳಿಗೆ ಹತ್ತಿದ ಮೇಲೆ ಕೆಲಸದಲ್ಲಿ ಒಂಥರಾ ಖುಷಿಯೇ ಇದೆ!

ಡ್ರಮ್ಮಿನ ಬಾಯಿಗೂ ಪೈಪಿಗೂ ನಡುವೆ 15 ಸೆಂ.ಮೀ. ಕೇಬಲ್ ಬಿಟ್ಟು, ಕೇಬಲ್ಲನ್ನು ಹಿಡಿದಿಡುವ ಡ್ರಮ್ಮಿನ ತಿರುಪು ಬಿಗಿದು, ಪ್ರದಕ್ಷಿಣವಾಗಿ ತಿರುಗಿಸುತ್ತಾ ತಳ್ಳಿ. ಅಷ್ಟೂ ಒಳಗೆ ಹೋದ ಮೇಲೆ ತಿರುಪು ಸಡಿಲಿಸಿ ಇನ್ನಷ್ಟು ಎಳೆದುಕೊಳ್ಳಿ. ಆತುರಕ್ಕೆ ಉದ್ದ ಬಿಟ್ಟರೆ ತುದಿ ಸಿಕ್ಕಿಕೊಂಡ ಕ್ಷಣ ಕೇಬಲ್ ಹೊರಗೇ ತಿರುಚಿ ಗಂಟಾಗುತ್ತೆ. ವಾಪಸ್ ಎಳೆಯುವಾಗಲೂ ಪ್ರದಕ್ಷಿಣವೇ, ಇಲ್ಲವಾದರೆ ಸುರುಳಿಗೆ ಸಿಕ್ಕ ಕಸ ಕಳಚಿ ಒಳಗೇ ಉಳಿಯಬಹುದು.

ಸಿಟ್ಟು ಬರಿಸುವುದು ಡ್ರಮ್ಮು. ಒದ್ದೆ ಕೇಬಲ್ ಒಳಗೆ ಸುತ್ತಿಕೊಳ್ಳುತ್ತೆ, ಎಷ್ಟೋ ಮಾದರಿಗಳಲ್ಲಿ ನೀರು ಇಳಿಯಲು ತಳದಲ್ಲಿ ತೂತೇ ಇರುವುದಿಲ್ಲ. ಕೊಳಚೆ ಒಳಗೇ ನಿಂತು ಕೇಬಲ್ ತುಕ್ಕು ಹಿಡಿಯುತ್ತೆ, ನಾತ ಬೇರೆ. ಪ್ಲಾಸ್ಟಿಕ್ ಡ್ರಮ್ಮಿಗೆ 3 ಮಿ.ಮೀ. ತೂತೊಂದು ಕೊರೆದರೆ ಮುಗಿಯಿತು, ಮಾಡಿದವರಿಗೇ ಇದು ಹೊಳೆಯಬೇಕಿತ್ತು. ತೂತಿದ್ದರೂ ಪ್ರತಿ ಸಲ ಪೂರ್ತಿ ಕೇಬಲ್ ಹೊರಗೆಳೆದು, ತೊಳೆದು, ಹಳೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ನಾಲ್ಕು ಹನಿ ಮೆಷಿನ್ ಎಣ್ಣೆ ಹಾಕಿದ ಬಟ್ಟೆಯೊಳಗಿಂದ ಜಾರಿಸುತ್ತಾ ಸುತ್ತಿಡಬೇಕು. ಪೈಪು ಬಿಡಿಸುವುದಕ್ಕಿಂತ ಇದಕ್ಕೇ ಹೆಚ್ಚು ಹೊತ್ತು. ಒಮ್ಮೆ ಗಂಟು ಬಿದ್ದ ಜಾಗ ನೇರ ಮಾಡಿದರೂ ಮತ್ತೆ ಅಲ್ಲೇ ಮಡಚುತ್ತೆ. ಕೇಬಲ್ ಬಿಡಿಯಾಗಿ ಸಿಗುವ ಮಾದರಿಯನ್ನೇ ಕೊಳ್ಳಿ.

ಇನ್ನು ಜಿಡ್ಡು. ಅಡುಗೆಮನೆ ಪೈಪಿನ ಗೋಡೆಗೆ ಹೆಪ್ಪುಗಟ್ಟಿದ ಜಿಡ್ಡಿನಲ್ಲಿ ಆಗರ್ ತೂತು ಮಾತ್ರ ಕೊರೆಯುತ್ತೆ. ನೀರು ಸರಾಗ ಇಳಿದರೂ ಆ ತೂತು ಮತ್ತೆ ಮುಚ್ಚಿಕೊಳ್ಳುತ್ತೆ. ಹಾಗಂತ ಕುದಿಯುವ ನೀರು ಸುರಿಯಬೇಡಿ, ಪಿವಿಸಿ ಪೈಪು 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿಗಲ್ಲ. ಗೋಡೆಯ ಜಿಡ್ಡು ಬಿಡಿಸುವುದು ಒತ್ತಡದ ನೀರಿನ ಜೆಟ್ಟಿಂಗ್. ಅದಕ್ಕೆ ಪ್ಲಂಬರ್‌ಗೆ ಕೊಡುವ ಹಣ ದಂಡವಲ್ಲ.

ಟಾಯ್ಲೆಟ್ ಫ್ಲಶ್ ಮಾಡಿದರೆ ಬಚ್ಚಲಲ್ಲಿ ನೀರು ಮೇಲೆದ್ದರೆ ಮುಖ್ಯ ಲೈನೇ ಕಟ್ಟಿದೆ ಅಂತ. ನೀರು ಬಿಡುವುದನ್ನು ನಿಲ್ಲಿಸಿ ಕರೆ ಮಾಡಿ. ಫೋನಲ್ಲೇ ಕೇಳಿಕೊಳ್ಳಿ: ಒಟ್ಟು ದರವೋ, ಗಂಟೆ ಲೆಕ್ಕವೋ? ಎಷ್ಟು ಮೀಟರ್ ಕೇಬಲ್ ಅದರಲ್ಲಿ ಸೇರಿದೆ? ಪೈಪಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಬೇರೆ ಹಣವೇ? ಅದೇ ಜಾಗ ಮತ್ತೆ ಕಟ್ಟಿದರೆ ಎಷ್ಟು ದಿನದವರೆಗೆ ಪುಕ್ಕಟೆ ಬರುತ್ತೀರಿ? ಕ್ಲೀನ್‌ಔಟ್ (ಲೈನಿನೊಳಗೆ ಕೇಬಲ್ ಇಳಿಸಲು ಬಿಟ್ಟ ಬಾಯಿ) ಮುಚ್ಚಳ ಎಲ್ಲಿದೆ ಅಂತ ಮೊದಲೇ ಹುಡುಕಿ ಅದರ ಸುತ್ತಲಿನ ಸಾಮಾನು ಸರಿಸಿಡಿ. ಅದು ಸಿಗದಿದ್ದರೆ ಕಮೋಡ್ ಎತ್ತಬೇಕಾಗಬಹುದು. ಆಗ ಕೂಲಿಯೂ ಏರುತ್ತೆ, ಅಡಿಯ ಸೀಲ್ ಕೂಡ ಹೊಸದು ಬೇಕು. ಡ್ರೈನ್ ಕ್ಲೀನರ್ ಏನಾದರೂ ಸುರಿದಿದ್ದರೆ ಅದನ್ನು ಪ್ಲಂಬರ್‌ಗೆ ಹೇಳಿಬಿಡಿ, ಚರ್ಮ ಸುಡುವ ಕಾಸ್ಟಿಕ್ ನೀರು ಕೇಬಲ್ ಜೊತೆ ಮುಖಕ್ಕೆ ಸಿಡಿಯಬಹುದು. ಆಗರ್ ಹಿಡಿಯುವವರು ನೀವೇ ಆದರೂ ಅಷ್ಟೇ, ಕನ್ನಡಕ, ರಬ್ಬರ್ ಗ್ಲೌಸ್ ಇರಲಿ.

ಕಮೋಡಿಗೆ ಮಾತ್ರ ಈ ಆಗರ್ ಬೇಡವೇ ಬೇಡ. ಬರಿ ಕೇಬಲ್ ಪಿಂಗಾಣಿ ಗೀರುತ್ತೆ. ಬಾಗಿಗೆ ರಬ್ಬರ್ ಕವಚವಿರುವ ಕ್ಲೋಸೆಟ್ ಆಗರ್ ಬೇರೆಯೇ ಸಿಗುತ್ತೆ.