ನಾಯಕನನ್ನು ಬಿಟ್ಟು ಹೊರಟ ಮೂರು ಎರಡನೇ ಭಾಗಗಳು

ಮೊದಲ ಭಾಗ ಮುಗಿಸಿ, ಮುಂದೇನಾಯ್ತೋ ಅಂತ ಎರಡನೇ ಭಾಗ ತೆರೆದರೆ ನಮಗೆ ಬೇಕಾದವರೇ ಇಲ್ಲ. ಅವರ ಜಾಗದಲ್ಲಿ ಯಾರೋ ಹೊಸಬರು. ಲೋಕ ಹಾಳಾದ ಮೇಲೆ ನಡೆಯುವ ಕತೆಗಳ ಮೂರು ಸರಣಿಗಳಲ್ಲಿ ನನಗೆ ಹೀಗೇ ಆಯ್ತು: ಹ್ಯೂ ಹೋವಿಯ 'ಶಿಫ್ಟ್', ದ್ಮಿತ್ರಿ ಗ್ಲುಖೋವ್ಸ್ಕಿಯ 'ಮೆಟ್ರೋ 2034', ಮಾರ್ಗರೇಟ್ ಆಟ್‌ವುಡ್ ಅವರ 'ದಿ ಇಯರ್ ಆಫ್ ದಿ ಫ್ಲಡ್'. ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿಲ್ಲ. ಆ ಹೊತ್ತಲ್ಲೇ ಒಂದಾದ ಮೇಲೊಂದು ಮೂರನ್ನೂ ಓದಿದೆ.

ಸಂಜೆ ಕಟ್ಟೆ ಮೇಲೆ ಕೂತು, ಓದಿದ್ದನ್ನು ಪಕ್ಕದ ಮನೆ ಕಾಕಾಗೆ ಹೇಳುತ್ತಿದ್ದೆ. ಅವರು ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ನಿವೃತ್ತರಾದವರು. ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ನನ್ನ ಅಕ್ಕನ ಮಗಳು ಮೂರನ್ನೂ ತಾನೇ ಓದಿದಳು. ಕೊನೆಗೆ ಮೂವರದೂ ಮೂರು ಮಾತು.

'ಶಿಫ್ಟ್'ನಿಂದಲೇ ಶುರು ಮಾಡುತ್ತೇನೆ, ಜಾಸ್ತಿ ಜಗಳ ಆಗಿದ್ದು ಅದರ ಮೇಲೆ. ಇದರ ಮೊದಲ ಭಾಗ 'ವೂಲ್'. 2011ರಲ್ಲಿ ಲೇಖಕ ತಾನೇ ಇ-ಪುಸ್ತಕವಾಗಿ ಹೊರತಂದ ಸಣ್ಣ ಕತೆಯೊಂದು ಬೆಳೆದು ಆದದ್ದು. ಹೊರಗಿನ ಗಾಳಿ ವಿಷ. ಜನ ನೆಲದೊಳಗೆ 144 ಅಂತಸ್ತಿನ ಸೈಲೋದಲ್ಲಿ ಬದುಕುತ್ತಾರೆ. ಲಿಫ್ಟ್ ಇಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ಸುರುಳಿ ಮೆಟ್ಟಿಲು. ಕಂಪ್ಯೂಟರ್‌ನಲ್ಲಿ ಸಂದೇಶ ಕಳಿಸಿದರೆ ಅಕ್ಷರಕ್ಕಿಷ್ಟು ಅಂತ ದುಡ್ಡು. ಅದಕ್ಕೇ ಚೀಟಿ, ಸಾಮಾನು ಎಲ್ಲವನ್ನೂ ಹಮಾಲರು ಹೊತ್ತು ಹತ್ತಿಳಿಯುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಕಾಕಾ ತಡೆದರು. "ತಮ್ಮಾ, ಅಷ್ಟು ಆಳ ತೋಡಿದವರಿಗೆ ಒಂದು ಕೇಜ್ ಇಳಿಸಾಕ ಬರಂಗಿಲ್ಲೇನು? ಮೇಲಿನ ಮಂದಿ ಕೆಳಗಿನ ಮಂದಿ ಕೂಡಬಾರದು ಅಂತ ಬೇಕಂತಲೇ ಬಿಟ್ಟಾರ." ನಾನು ಅರ್ಧ ಪುಸ್ತಕ ಓದಿದ ಮೇಲೆ ಹೊಳೆದದ್ದು ಅದು. ಅವರಿಗೆ ಕೂತಲ್ಲೇ ಹೊಳೆಯಿತು. ಬೇವಿನ ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು ಶಾಫ್ಟ್ ಎಲ್ಲಿ, ಲೆವೆಲ್ ಎಲ್ಲಿ ಅಂತ ತೋರಿಸಿದರು.

'ಶಿಫ್ಟ್' ಹಿಂದಕ್ಕೆ ಹೋಗಿ ಸೈಲೋ ಕಟ್ಟಿದ ಕತೆ ಹೇಳುತ್ತದೆ. ವರ್ಷ 2049. ವಾಸ್ತುಶಿಲ್ಪ ಓದಿದ ಡೊನಾಲ್ಡ್ ಅನ್ನೋ ರಾಜಕಾರಣಿ, ಯಾತಕ್ಕೆ ಅಂತ ಗೊತ್ತಿಲ್ಲದೆ ನಕ್ಷೆ ಬರೆದುಕೊಡುತ್ತಾನೆ. ಒಟ್ಟು ಐವತ್ತು ಸೈಲೋಗಳು. ಒಂದನೇ ಸೈಲೋ ಉಳಿದೆಲ್ಲವನ್ನೂ ಕಾಯುತ್ತದೆ. ಅಲ್ಲಿನವರನ್ನು ಮಂಜುಗಟ್ಟಿಸಿ ಮಲಗಿಸಿರುತ್ತಾರೆ. ಆರು ತಿಂಗಳ ಪಾಳಿಗೆ ಎಬ್ಬಿಸುತ್ತಾರೆ, ಆಮೇಲೆ ಮತ್ತೆ ಮಲಗಿಸುತ್ತಾರೆ. ಪುಸ್ತಕದ ಭಾಗಗಳೂ ಮೂರು ಪಾಳಿಗಳೇ. ಕಾಕಾ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಟೋಕನ್ ಬಗ್ಗೆ ಹೇಳಿದರು. ಇಳಿಯುವಾಗ ಒಂದು ಬಿಲ್ಲೆ ಕೊಟ್ಟು ಇಳಿಯಬೇಕು, ಮೇಲೆ ಬಂದಾಗ ವಾಪಸ್ ತಗೋಬೇಕು. ಪಾಳಿ ಮುಗಿದರೂ ಬಿಲ್ಲೆ ಅಲ್ಲೇ ಇದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ ಅಂತ ಅರ್ಥ. "ಅದನ್ನ ನೋಡದೆ ನಾನು ಯಾವತ್ತೂ ಮನಿಗೆ ಬಂದಿಲ್ಲ" ಅಂದರು.

ಪುಸ್ತಕದಲ್ಲಿ ಕೊರತೆ ಇಲ್ಲ ಅಂತಲ್ಲ. ಮಿಷನ್ ಅನ್ನೋ ಹಮಾಲ ಹುಡುಗನ ಭಾಗ ಎಳೆದಾಡುತ್ತದೆ. ಮೊದಲ ಭಾಗದ ನಾಯಕಿ ಜೂಲಿಯೆಟ್‌ಗಾಗಿ ಕೊನೆಯವರೆಗೂ ಕಾಯಬೇಕು. ಸೊಸೆಯ ದೂರು ಬೇರೆ. "ಮಾಮಾ, ಉತ್ತರ ಮೊದಲೇ ನೋಡಿಕೊಂಡು ಲೆಕ್ಕ ಬಿಡಿಸಿದ ಹಾಗಿದೆ" ಅಂದಳು. ಕೆಲವು ಕಡೆ ನಿಜ. ಆದರೆ ಜಿಮ್ಮಿಯ ವಿಷಯದಲ್ಲಿ ನಾನು ಒಪ್ಪಲ್ಲ. 'ವೂಲ್'ನಲ್ಲಿ ಸೋಲೋ ಅಂತ ಹೆಸರು ಹೇಳಿಕೊಳ್ಳುವ ಒಬ್ಬ ಒಂಟಿ ಮನುಷ್ಯ ಬರುತ್ತಾನೆ, ಅವನೇ ಈ ಜಿಮ್ಮಿ. ಸ್ವಲ್ಪ ವಿಚಿತ್ರ, ಮಗುವಿನಂಥ ಮಾತು. ಅವನು ಹಾಗೇಕೆ ಆದ ಅಂತ ಇಲ್ಲಿ ಗೊತ್ತಾಗುತ್ತದೆ. ಹದಿನಾರರ ಹುಡುಗ, ಸರ್ವರ್‌ಗಳ ನಡುವೆ ಬಾಗಿಲು ಹಾಕಿಕೊಂಡು ಉಳಿದವನು. ಡಬ್ಬಿ ಊಟ, ನಿಶ್ಶಬ್ದ, ಆಮೇಲೆ ಒಂದು ಬೆಕ್ಕು. ಅದಕ್ಕೆ ಶ್ಯಾಡೋ ಅಂತ ಹೆಸರಿಡುತ್ತಾನೆ. ಆ ಪುಟಗಳನ್ನು ಓದಿದ ಮೇಲೆ 'ವೂಲ್' ತೆರೆದು ಸೋಲೋ ಬರುವ ಭಾಗವನ್ನು ಇನ್ನೊಮ್ಮೆ ಓದಿದೆ. ಈ ಸಲ ಅವನ ಒಂದೊಂದು ಮಾತೂ ಬೇರೆ ಥರ ಕೇಳಿಸಿತು. ನಾಯಕಿಯನ್ನು ಬಿಟ್ಟು ಹೋಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಬೇಕಿಲ್ಲ.

'ಮೆಟ್ರೋ 2034' ಬಂದದ್ದು 2009ರಲ್ಲಿ. ಮಾಸ್ಕೋದ ಸುರಂಗಗಳೇ ಊರು, ನಿಲ್ದಾಣಗಳೇ ದೇಶ. ಮೊದಲ ಭಾಗದ ಆರ್ತ್ಯೋಮ್ ಇಲ್ಲಿ ನಾಯಕನಲ್ಲ. ಹೋಮರ್ ಅಂತ ಹೆಸರಿಟ್ಟುಕೊಂಡ ಮುದುಕ, ಸಾಶಾ ಅನ್ನೋ ಹುಡುಗಿ, ಮೊದಲ ಭಾಗದಲ್ಲಿ ಬಂದು ಮಾಯವಾಗಿದ್ದ ಹಂಟರ್, ಇವರ ಕತೆ. ಸೆವಾಸ್ತೊಪೋಲ್‌ಸ್ಕಾಯಾ ನಿಲ್ದಾಣ ಮೆಟ್ರೋದ ಎಷ್ಟೋ ಕಡೆಗೆ ಕರೆಂಟ್ ಕೊಡುತ್ತದೆ. ಅಲ್ಲಿಂದ ಹೋದವರು ವಾಪಸ್ ಬರುವುದಿಲ್ಲ. 1,720 ಮೆಗಾವ್ಯಾಟ್‌ನ ಶಕ್ತಿನಗರ ಪಕ್ಕದಲ್ಲೇ ಇರುವ ನಮಗೆ, ಊರಿಗೆಲ್ಲ ಬೆಳಕು ಕೊಡುವ ಜಾಗದ ಬದುಕು ಹೇಗಿರುತ್ತೆ ಅಂತ ಹೇಳಿಕೊಡಬೇಕಿಲ್ಲ. ಆ ಶುರು ನನಗೆ ಬಹಳ ಹಿಡಿಸಿತು. ಮಾಸ್ಕೋ ಮೆಟ್ರೋದ ನಕ್ಷೆ ಮೊಬೈಲ್‌ನಲ್ಲಿ ತೆರೆದು, ನಗೋರ್ನಾಯಾ ದಾಟಿ ತುಲ್‌ಸ್ಕಾಯಾವರೆಗೆ ಬೆರಳಿಟ್ಟು ಹಿಂಬಾಲಿಸಿದೆ.

ಆದರೆ ಹೊಸಬರು ಯಾರೂ ಮನಸ್ಸಿಗೆ ಇಳಿಯಲಿಲ್ಲ. ಹೋಮರ್ ಮಹಾಕಾವ್ಯ ಬರೆಯುವ ಯೋಚನೆಯಲ್ಲೇ ಇರುತ್ತಾನೆ. ಸಾಶಾಳನ್ನು ಎಲ್ಲರೂ ನೋಡುತ್ತಾರೆ, ಅವಳ ಒಳಗೆ ಏನಿದೆ ಅಂತ ನಮಗೆ ಸಿಗುವುದು ಕಡಿಮೆ. ಇದನ್ನು ಓದಿದ ಮೇಲೆ ಮೊದಲ ಭಾಗ ನನಗೆ ಎಳ್ಳಷ್ಟೂ ಬದಲಾಗಲಿಲ್ಲ. ಕಾಕಾಗೆ ಮಾತ್ರ ಮೂರರಲ್ಲಿ ಇದೇ ಮೇಲು. ಕತ್ತಲೆ ಸರಿಯಾಗಿ ಬಂದಿದೆ ಅಂತಾರೆ. ಕ್ಯಾಪ್ ಲ್ಯಾಂಪ್ ಆರಿಸಿ ನಿಂತರೆ ಕಣ್ಣು ಮುಚ್ಚಿದ್ದೇವೋ ತೆರೆದಿದ್ದೇವೋ ತಿಳಿಯಲ್ಲವಂತೆ. ಆ ಮಾತಿಗೆ ಎದುರಾಡಲು ನನ್ನ ಹತ್ತಿರ ಏನೂ ಇಲ್ಲ.

ಆಟ್‌ವುಡ್ ಪುಸ್ತಕವೂ 2009ರದ್ದೇ. ಮೊದಲ ಭಾಗ 'ಓರಿಕ್ಸ್ ಅಂಡ್ ಕ್ರೇಕ್'ನ ನಾಯಕ ಜಿಮ್ಮಿಯನ್ನು (ಹೆಸರು ಅದೇ, ಆಳು ಬೇರೆ) ಬದಿಗಿಟ್ಟು, ಅದೇ ಕಾಲದ ಕತೆಯನ್ನು ಟೋಬಿ ಮತ್ತು ರೆನ್ ಎಂಬ ಇಬ್ಬರು ಹೆಂಗಸರ ಕಡೆಯಿಂದ ಹೇಳುತ್ತದೆ. ಅಲ್ಲಿ ತನ್ನ ಬಗ್ಗೆ ತಾನೇ ಮರುಗುತ್ತಿದ್ದ ಜಿಮ್ಮಿ, ಇಲ್ಲಿ ರೆನ್‌ಳ ಮನಸ್ಸು ಮುರಿದ ಹುಡುಗ. ಸೊಸೆಗೆ ಇಷ್ಟವಾದದ್ದು ಮಾಳಿಗೆ ಮೇಲೆ ತೋಟ ಮಾಡುವ ಪಂಥದವರು. ಪಿಲಾರ್ ಎಂಬ ಮುದುಕಿ ಟೋಬಿಗೆ ಅಣಬೆ, ಜೇನು ಎಲ್ಲ ಕಲಿಸುತ್ತಾಳೆ. ಅವಳು ಸತ್ತಾಗ ಟೋಬಿ ಹೋಗಿ ಜೇನುಹುಳುಗಳಿಗೆ ಸುದ್ದಿ ಹೇಳುತ್ತಾಳೆ. ಜೇನುಪೆಟ್ಟಿಗೆ ತೆರೆಯುವುದನ್ನು ಕಲಿತಿರುವ ಸೊಸೆ, ಆ ಪುಟದಲ್ಲಿ ಅತ್ತುಬಿಟ್ಟೆ ಅಂತ ನೇರವಾಗಿ ಹೇಳಿದಳು.

ನನ್ನನ್ನು ಹಿಡಿದದ್ದು ಬೇರೆ. ಈ ಪಂಥದವರು 'ನೀರಿಲ್ಲದ ಪ್ರವಾಹ' ಬರುತ್ತೆ ಅಂತ ನಂಬಿ, ಅಲ್ಲಲ್ಲಿ ಊಟದ ಸಾಮಾನು ಬಚ್ಚಿಡುತ್ತಾರೆ. ಆ ಜಾಗಕ್ಕೆ ಅರಾರಾಟ್ ಅಂತಾರೆ. ಪುಸ್ತಕ ಬಂದ ಅದೇ ವರ್ಷ, ಸೆಪ್ಟೆಂಬರ್ ಕೊನೆಗೆ ನಮ್ಮ ಕಡೆ ನಿಜವಾದ ಪ್ರವಾಹ ಬಂತು. ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠಕ್ಕೂ ನೀರು ನುಗ್ಗಿತ್ತು. ಹೊಳೆದಂಡೆಯ ನಮ್ಮ ಅಜ್ಜಿ ಮನೆಯಲ್ಲಿ ಹಗೇವು ಇತ್ತು, ಬರಗಾಲಕ್ಕೆ ಅಂತ ನೆಲದಡಿ ತುಂಬಿಟ್ಟ ಜೋಳ. ನೀರಿಳಿದ ಮೇಲೆ ಬಾಯಿ ತೆಗೆದರೆ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಜೋಳ ಉಬ್ಬಿ ಮುದ್ದೆಯಾಗಿತ್ತು, ಮೇಲಿನ ಪದರದಲ್ಲಿ ಬಿಳಿ ಮೊಳಕೆ. ಅಜ್ಜಿ ಒಂದು ಹಿಡಿ ತೆಗೆದು ಮೂಸಿ ವಾಪಸ್ ಹಾಕಿದಳು. ಅರಾರಾಟ್ ಅನ್ನೋ ಪದ ಬಂದಾಗಲೆಲ್ಲ ನನಗೆ ಅದೇ ಕೈ ಕಾಣುತ್ತಿತ್ತು.

ಬರವಣಿಗೆ ನೋಡಿದರೆ ಆಟ್‌ವುಡ್ ಅವರದೇ ಎಲ್ಲಕ್ಕಿಂತ ಚೆನ್ನ. ಮೊದಲ ಭಾಗ ಓದದೆಯೂ ಇದನ್ನು ಓದಬಹುದು. ಆದರೆ ಸರಣಿಯ ಎರಡನೇ ಭಾಗ ಅಂತ ಆರಿಸುವುದಾದರೆ ನನ್ನ ಕೈ ಹೋಗೋದು 'ಶಿಫ್ಟ್' ಕಡೆಗೇ. 'ವೂಲ್' ಮುಗಿಸಿದ ತಕ್ಷಣ, ನೆನಪು ಹಸಿ ಇರುವಾಗಲೇ ಓದಿ. ಮಿಷನ್ ಭಾಗದಲ್ಲಿ ಬೇಜಾರಾದರೂ ಬಿಡಬೇಡಿ, ಜಿಮ್ಮಿ ಬರುವುದು ಅದಾದ ಮೇಲೆ. ಮೂರನೇ ಭಾಗ 'ಡಸ್ಟ್' ಈಗ ಸೊಸೆಯ ಹತ್ತಿರ ಇದೆ. ಅವಳು ಮುಗಿಸೋ ತನಕ ನಾನು ಕಾಯಬೇಕು, ಕಾಕಾ ಅಂತೂ ದಿನಾ ಸಂಜೆ ಕೇಳುತ್ತಾರೆ.