ಒಟ್ಟಿಗೆ ಹಾಡಲಾಗದ ವರ್ಷದಲ್ಲಿ ನಾವು ಹಿಡಿದ ನಾಲ್ಕು ದಾರಿಗಳು

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಯ ಸಂಗೀತ ಕೊಠಡಿಗೆ ಬೀಗ ಬಿದ್ದಾಗ ವೃಂದಗಾನದ ಮಕ್ಕಳಿಗೆ ಕೊನೆಯ ಚರಣವಷ್ಟೇ ಬಾಕಿ ಇತ್ತು. ನಾಟಕದವರಿಗೆ ಇನ್ನೂ ಪಾತ್ರಗಳನ್ನೇ ಹಂಚಿರಲಿಲ್ಲ. ಮುಂದಿನ ಒಂದು ವರ್ಷದಲ್ಲಿ ನಾಲ್ಕು ದಾರಿಗಳನ್ನು ಹಿಡಿದು ನೋಡಿದೆ. ನಾಲ್ಕನ್ನೂ ಒಂದೇ ಪ್ರಶ್ನೆಯಿಂದ ಅಳೆದೆ: ಮಕ್ಕಳು ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಿಸಿಕೊಂಡರೇ?

ಮೊದಲನೆಯದು ವಿಡಿಯೊ ಕರೆ. ಎಲ್ಲರನ್ನೂ ಪರದೆಯ ಮೇಲೆ ಕೂಡಿಸಿ, ತಾಳ ಹಾಕಿ, ಪಲ್ಲವಿ ಎತ್ತಿದೆ. ನಾಲ್ಕು ಆವರ್ತನ ಮುಗಿಯುವುದರೊಳಗೆ ಹಾಡು ಚೆಲ್ಲಾಪಿಲ್ಲಿಯಾಯಿತು. ತಪ್ಪು ಮಕ್ಕಳದ್ದಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮೂರು ಮೀಟರ್ ದೂರದಲ್ಲಿ ನಿಂತವರ ದನಿ ನಮಗೆ ತಲುಪಲು ಬೇಕಾದದ್ದು 9 ಮಿಲಿಸೆಕೆಂಡ್ ಮಾತ್ರ. ಈ ತಡ ಸುಮಾರು 30 ಮಿಲಿಸೆಕೆಂಡ್ ದಾಟಿದರೆ ಲಯ ಎಳೆಯತೊಡಗುತ್ತದೆ. ವಿಡಿಯೊ ಕರೆಯಲ್ಲಿ ಅದು 100 ಮಿಲಿಸೆಕೆಂಡನ್ನೂ ಸಲೀಸಾಗಿ ಮೀರುತ್ತದೆ. ಸಾಲದ್ದಕ್ಕೆ ಗದ್ದಲ ಕಳೆಯುವ ತಂತ್ರಾಂಶ, ಎಳೆದು ನಿಲ್ಲಿಸಿದ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ನುಂಗಿಬಿಡುತ್ತಿತ್ತು. ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆ ಹಾಕಿದ ಮೇಲೆ ಸ್ವರ ಉಳಿಯಿತು, ತಡ ಹೋಗಲಿಲ್ಲ. ಸಂಗೀತಗಾರರಿಗೆಂದೇ ಮಾಡಿದ ಜಾಮುಲಸ್ ಎಂಬ ಉಚಿತ ತಂತ್ರಾಂಶವನ್ನೂ ಹಾಕಿಸಿದೆ. ಅದು ನಿಜಕ್ಕೂ ವಾಸಿ. ಆದರೆ ಕಂಪ್ಯೂಟರು, ತಂತಿಯ ಅಂತರ್ಜಾಲ, ತಂತಿಯ ಹೆಡ್‌ಫೋನು ಮೂರೂ ಇದ್ದ ಮನೆಗಳು ನಾಲ್ಕೇ. ಉಳಿದವರನ್ನು ಹೊರಗಿಟ್ಟು ವೃಂದಗಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ವಿಡಿಯೊ ಕರೆ ಪಾಠಕ್ಕಷ್ಟೇ ಉಳಿಯಿತು: ನಾನು ಹಾಡುವುದು, ಅವರು ಮ್ಯೂಟ್‌ನಲ್ಲಿ ಹಾಡುವುದು. ನೃತ್ಯಕ್ಕೆ ಅದೂ ಒದಗಲಿಲ್ಲ. ಮೊಬೈಲಿನಲ್ಲಿ ತಮ್ಮದೇ ಬಿಂಬ ಕನ್ನಡಿಯಂತೆ ತಿರುಗಿ ಕಾಣುತ್ತಿದ್ದುದರಿಂದ ಮಕ್ಕಳಿಗೆ ಎಡಬಲದ ಗೊಂದಲವೇ ಮುಗಿಯಲಿಲ್ಲ.

ಎರಡನೆಯದು, ಒಬ್ಬೊಬ್ಬರೇ ಹಾಡಿ ಕಳಿಸಿದ್ದನ್ನು ಜೋಡಿಸುವುದು. ಕಿವಿಗೆ ಇಯರ್‌ಫೋನ್, ಅದರಲ್ಲಿ ನನ್ನ ದನಿ ಮತ್ತು ತಾಳ. ಜೋಡಿಸಲು ಗುರುತಾಗಲೆಂದು ಮೊದಲಿಗೆ ಮೂರು ಚಪ್ಪಾಳೆ. ಪ್ರತಿಧ್ವನಿ ಬರಬಾರದೆಂದು ಒಬ್ಬ ಹುಡುಗಿ ಬಟ್ಟೆ ಕಪಾಟಿನೊಳಗೆ ತಲೆಯಿಟ್ಟು ಹದಿನೇಳು ಸಲ ಹಾಡಿದ್ದಳು. ಹದಿನೇಳನೆಯದರಲ್ಲಿ ಅವಳ ಉಸಿರಿನ ದಣಿವೂ ಕೇಳುತ್ತಿತ್ತು. ಎಲ್ಲರ ಮುಖಗಳೂ ಚೌಕಚೌಕವಾಗಿ ಮೂಡಿದ ವಿಡಿಯೊ ಕಂಡು ಪಾಲಕರು ಕಣ್ಣೀರಿಟ್ಟರು, ಅಭಿನಂದನೆಗಳು ಬಂದವು. ನನಗೆ ಮಾತ್ರ ಅದು ಇಂದಿಗೂ ಚುಚ್ಚುತ್ತದೆ. ತಾಳ ತಪ್ಪಿದ ಕಡೆ ಸರಿಸಿದವನು ನಾನು, ಶ್ರುತಿ ಇಳಿದ ಕಡೆ ಏರಿಸಿದವನೂ ನಾನು. ಪಕ್ಕದವರಿಗೆ ದನಿ ಹೊಂದಿಸುವ ಕೆಲಸವನ್ನು ಮಕ್ಕಳಿಂದ ಕಿತ್ತುಕೊಂಡು ಕಂಪ್ಯೂಟರಿಗೆ ಕೊಟ್ಟಿದ್ದೆ. ನೆನಪಿಗೊಂದು ಕಾಣಿಕೆಯಾಗಿ ಅದು ಚೆಂದ, ಕಲಿಕೆಯೆಂದು ಒಪ್ಪಲಾರೆ.

ಮೂರನೆಯ ದಾರಿ ಬಯಲು. ಇದಕ್ಕೆ ನಾನು ಬಹಳ ಹೆದರಿದ್ದೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ವೃಂದಗಾನ ತಂಡ ಒಳಾಂಗಣದಲ್ಲಿ ಎರಡೂವರೆ ಗಂಟೆ ತಾಲೀಮು ನಡೆಸಿತ್ತು. ಬಂದಿದ್ದವರು 61 ಮಂದಿ. ಖಚಿತವಾದ ಮತ್ತು ಸಂಭಾವ್ಯವಾದ ಪ್ರಕರಣಗಳು ಸೇರಿ 53 ಮಂದಿಗೆ ಸೋಂಕು, ಇಬ್ಬರ ಸಾವು. ಹಾಗಾಗಿ ಆರಾರು ಮಕ್ಕಳ ಗುಂಪು, ನಡುವೆ ಎರಡು ಮೀಟರ್ ಅಂತರ, ಎಲ್ಲರಿಗೂ ಮಾಸ್ಕ್, ಅರ್ಧ ಗಂಟೆಗಿಂತ ಹೆಚ್ಚಿಲ್ಲ. ಮಾಸ್ಕಿನಲ್ಲಿ ವ್ಯಂಜನಗಳೆಲ್ಲ ಮಬ್ಬಾದವು. ದನಿಯನ್ನು ಮರಳಿ ಕೊಡುವ ಗೋಡೆಯಿಲ್ಲದೆ ಮಕ್ಕಳು ಕೂಗತೊಡಗಿದರು. ಹಾಡಾಗಲಿ ಮಾತಾಗಲಿ, ದನಿ ಏರಿದಷ್ಟೂ ಬಾಯಿಂದ ಹೊಮ್ಮುವ ಕಣಗಳು ಹೆಚ್ಚುತ್ತವೆ. ಅದಕ್ಕೇ ಬಾಯಿ ಮುಚ್ಚಿ ಗುನುಗಲು ಹೇಳಿದೆ. ಅಲ್ಲಿ ಎಲ್ಲವೂ ಬದಲಾಯಿತು. ಪಕ್ಕದವರ ಗುನುಗು ಕಿವಿಗೆ ಬೀಳಬೇಕಾದರೆ ತನ್ನದನ್ನು ತಗ್ಗಿಸಲೇಬೇಕು. ಮೂರನೆಯ ವಾರ ಆರೂ ಮಂದಿ ಕಣ್ಣು ಮುಚ್ಚಿ ಒಂದೇ ಷಡ್ಜಕ್ಕೆ, ಅಂದರೆ ಒಂದೇ 'ಸ' ಸ್ವರಕ್ಕೆ, ಬಂದು ನಿಂತರು. ಕೊಠಡಿಯೊಳಗೆ ಎರಡು ವರ್ಷ ಹೇಳಿಕೊಟ್ಟರೂ ಅಷ್ಟು ಶುದ್ಧವಾದ ಶ್ರುತಿ ನನಗೆ ಕೇಳಸಿಕ್ಕಿರಲಿಲ್ಲ.

ನಾಟಕಕ್ಕೆ ಬಯಲು ಕೂಡಿಬರಲಿಲ್ಲ. ಮಾಸ್ಕ್ ಹಾಕಿದ ಮುಖದಲ್ಲಿ ಭಾವ ಓದುವುದು ಕಷ್ಟ. ಅದಕ್ಕೆ ಸಿಕ್ಕಿದ ನಾಲ್ಕನೆಯ ದಾರಿ ಬಾನುಲಿ ನಾಟಕ. ಹಾಡನ್ನು ಕೆಡಿಸಿದ ಅದೇ ತಡ ಇಲ್ಲಿ ಅಷ್ಟಾಗಿ ಬಾಧಿಸಲಿಲ್ಲ. ಸಂಭಾಷಣೆಯಲ್ಲಿ ಒಬ್ಬರು ಮುಗಿಸಿದ ಮೇಲೆ ತಾನೇ ಇನ್ನೊಬ್ಬರು ಆಡುವುದು? ಕರೆಯಲ್ಲಿ ಒಟ್ಟಿಗೆ ಆಡುತ್ತಾ ಪ್ರತಿಯೊಬ್ಬರೂ ತಮ್ಮ ಮಾತನ್ನು ಬೇರೊಂದು ಮೊಬೈಲಿನಲ್ಲಿ ಮುದ್ರಿಸಿದರು. ಬೇರೆ ಮೊಬೈಲ್ ಇಲ್ಲದವರಿಗೆ ಪಕ್ಕದ ಮನೆಯವರು ಒಂದು ಗಂಟೆಯ ಮಟ್ಟಿಗೆ ತಮ್ಮದನ್ನು ಕೊಟ್ಟರು. ಗರಿಗರಿ ಪ್ಲಾಸ್ಟಿಕ್ ಹಾಳೆ ಹಿಸುಕಿದರೆ ಬೆಂಕಿಯ ಸದ್ದು, ತಗಡು ಅಲುಗಿಸಿದರೆ ಗುಡುಗು. ರಂಗಕ್ಕೆ ಕಾಲಿಡಲೂ ಹಿಂಜರಿಯುತ್ತಿದ್ದ ಹುಡುಗನೊಬ್ಬ ರಾಜನ ಪಾತ್ರ ಮಾಡಿದ. ಅಪ್ಪಣೆ ಕೊಡುವ ಮುಂಚೆ ಅವನು ಬಿಟ್ಟ ಮೌನ ಯಾರೂ ಹೇಳಿಕೊಟ್ಟದ್ದಲ್ಲ. ಮೈಕೈಗಳಿಂದ ಮಾಡುವ ಆಂಗಿಕಾಭಿನಯ ಇಲ್ಲಿ ಪೂರ್ತಿ ನಷ್ಟವೇ, ಆ ಕೊರತೆಯನ್ನು ಮರುವರ್ಷ ತಾಲೀಮಿನಲ್ಲಿ ತುಂಬಬೇಕಾಯಿತು.

ಹಾಡಿಗೆ ನನ್ನ ಆಯ್ಕೆ ಬಯಲೇ, ನಾಟಕಕ್ಕೆ ಬಾನುಲಿಯೇ. ಕೊಠಡಿಯ ಬೀಗ ತೆಗೆದ ಮೇಲೂ ತಾಲೀಮಿನ ಮೊದಲ ಐದು ನಿಮಿಷ ನಾವು ಬಾಯಿ ಮುಚ್ಚಿ ಗುನುಗುತ್ತೇವೆ. ಹೊಸದಾಗಿ ಸೇರಿದ ಮಕ್ಕಳು ಇದೇಕೆ ಎಂದು ಕೇಳಿದರೆ, ಆ ಆರು ಮಂದಿಯಲ್ಲಿ ಯಾರಾದರೊಬ್ಬರು ಎರಡು ಮೀಟರ್ ದೂರ ಸರಿದು ನಿಂತು ತೋರಿಸುತ್ತಾರೆ.